ಫೈನಲ್ ಪಂದ್ಯ ಯಾರ ಸೊತ್ತು?

ಐವತ್ತನಾಲ್ಕು ವರ್ಷ ಕಾದವನಿಗೆ ಇನ್ನು ಮೂರು ದಿನ ಕಾಯುವುದು ದೊಡ್ಡ ಮಾತಲ್ಲ. 2023ರ ಮಾರ್ಚ್ 1ರಂದು ಕರ್ನಾಟಕದ ಕಾಲ್ಚೆಂಡಾಟದ ತಂಡ ಸರ್ವಿಸಸ್ ತಂಡವನ್ನು 3-1ರಿಂದ ಮಣಿಸಿ ಸಂತೋಷ್ ಟ್ರೋಫಿಯ ಫೈನಲ್ ತಲುಪಿತು. ಮಾರ್ಚ್ 4ರ ಶನಿವಾರ ಮೇಘಾಲಯದೊಡನೆ ಕೊನೆಯ ಹಣಾಹಣಿ. ಈ ಕಪ್ಪನ್ನು ನಮ್ಮ ರಾಜ್ಯ ಅದಕ್ಕೂ ಮೊದಲು ಕೊನೆಯದಾಗಿ ಎತ್ತಿದ್ದು 1968-69ರ ಸಾಲಿನಲ್ಲಿ. ಆಗ ರಾಜ್ಯದ ಹೆಸರು ಮೈಸೂರು. ಅಂದು ಗೋಲು ಕಂಡು ಕುಣಿದ ಹುಡುಗ ಇಂದು ಮೊಮ್ಮಕ್ಕಳನ್ನು ಕಂಡ ಅಜ್ಜ. ಇಷ್ಟು ದೀರ್ಘ ಕಾಲ ಕಾದ ಜನಕ್ಕೆ ಆ ಮೂರು ದಿನಗಳು ಹಬ್ಬದ ಮುನ್ನಾ ದಿನಗಳಾಗಬೇಕಿತ್ತು.

ಫೈನಲ್ಲಿಗೆ ಮುಂಚಿನ ದಿನಗಳಲ್ಲಿ ಅಭಿಮಾನಿಯಾದವನು ಮಾಡುವ ಕೆಲಸಗಳು ಎಲ್ಲ ದೇಶದಲ್ಲೂ ಒಂದೇ. ಯಾವ ಬಸ್ಸು, ಯಾವ ರೈಲು ಎಂದು ವಿಚಾರಿಸುತ್ತಾನೆ. ಟಿಕೇಟಿಗೆ ಎಷ್ಟು ಎಂದು ಕೇಳುತ್ತಾನೆ. ಒಂದು ದಿನದ ಸಂಬಳ ಬಿಟ್ಟರೆ ಮನೆಯ ಲೆಕ್ಕ ಎಲ್ಲಿ ಹರಿಯುತ್ತದೆ ಎಂದು ಮನಸ್ಸಿನಲ್ಲೇ ಕೂಡಿ ಕಳೆಯುತ್ತಾನೆ. ಜೊತೆಗೆ ಯಾರು ಯಾರು ಬರುತ್ತಾರೆ, ರಾತ್ರಿ ಎಲ್ಲಿ ಮಲಗುವುದು, ಬುತ್ತಿ ಏನು ಕಟ್ಟುವುದು, ಇದೆಲ್ಲವೂ ಆಟದ ಭಾಗವೇ. ಚೆಂಡು ಉರುಳುವುದಕ್ಕೆ ಎಷ್ಟೋ ಮೊದಲೇ ಪಂದ್ಯ ಅವನೊಳಗೆ ಶುರುವಾಗಿರುತ್ತದೆ. ಆದರೆ 2023ರ ಆ ಮೂರು ದಿನಗಳಲ್ಲಿ ನಮ್ಮ ಕುಂದಾಪುರದ ಕೋಡಿಯ ಕಡಲದಂಡೆಯಲ್ಲಿ ಚೆಂಡು ಒದೆಯುವ ಹುಡುಗರಿಗೆ ಉಳಿದದ್ದು ಒಂದು ಕುಶಾಲು ಮಾತ್ರ: ‘ಹ್ವಾಯ್, ರಿಯಾದಿಗೆ ಬಸ್ಸ್ ಎಷ್ಟ್ ಗಂಟಿಗ್ ಇತ್ತ್?’

ಹೌದು ಸ್ವಾಮಿ, ರಿಯಾದ್! ಸೌದಿ ಅರೇಬಿಯದ ರಾಜಧಾನಿ. ಭಾರತದ ರಾಜ್ಯ ರಾಜ್ಯಗಳ ನಡುವಿನ ಕಾಲ್ಚೆಂಡಾಟದ ಕೊನೆಯ ಪಂದ್ಯ, 1941ರಿಂದ ಈ ದೇಶದ ಮಣ್ಣಿನಲ್ಲೇ ನಡೆದುಬಂದ ಪಂದ್ಯ, ಮೊತ್ತಮೊದಲ ಬಾರಿಗೆ ಕಡಲಾಚೆ ನಡೆಯಿತು. ಅಲ್ಲಿನ ದೊರೆಯ ಹೆಸರಿನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ, ಅರವತ್ತು ಸಾವಿರಕ್ಕೂ ಹೆಚ್ಚು ಆಸನಗಳ ನಡುವೆ. ಬೆಂಗಳೂರಿನವನೂ ಹೋಗಲಿಲ್ಲ, ಶಿಲ್ಲಾಂಗಿನವನೂ ಹೋಗಲಿಲ್ಲ. ಎರಡೂ ರಾಜ್ಯಗಳ ಜನ ತಮ್ಮ ತಂಡದ ಫೈನಲ್ಲನ್ನು ಅಂಗೈಯಗಲದ ಮೊಬೈಲ್ ಪರದೆಯಲ್ಲಿ ಇಣುಕಿ ನೋಡಿದರು.

ಇದನ್ನು ಇಂದೇಕೆ ಕೆದಕುತ್ತೀರಿ, ಆದದ್ದು ಆಯಿತಲ್ಲ, ಕಪ್ಪೂ ಬಂತಲ್ಲ ಎನ್ನುವವರಿದ್ದಾರೆ. ಕಪ್ಪು ಬಂದದ್ದು ನಿಜ. ಆದರೆ ಕೇಳಬೇಕಾದ ಪ್ರಶ್ನೆ ಕಪ್ಪಿನದಲ್ಲ. ಒಂದು ನಾಡಿನ ಜನ ಅರ್ಧ ಶತಮಾನ ಕಾಯ್ದ ಒಂದು ಸಂಜೆಯನ್ನು ಎತ್ತಿ ಬೇರೆಯವರ ಅಂಗಳದಲ್ಲಿ ಇಡುವ ಅಧಿಕಾರವನ್ನು ಈ ಆಡಳಿತಗಾರರಿಗೆ ಯಾರು ಕೊಟ್ಟರು? ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಆದ್ದರಿಂದ ಕೆದಕುವುದು.

ಮೊದಲೇ ಒಂದು ಮಾತು ಹೇಳಿಬಿಡೋಣ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಕಾಲ್ಚೆಂಡಿನ ತವರೆಂದು ಯಾರೂ ಎದೆ ತಟ್ಟಿಕೊಳ್ಳಲಾರರು. ಇಲ್ಲಿ ಕಬಡ್ಡಿ, ವಾಲಿಬಾಲ್ ಇವೆ. ಟೆನಿಸ್ ಚೆಂಡಿನ ಕ್ರಿಕೆಟ್ಟು ಗದ್ದೆ ಗದ್ದೆಯಲ್ಲಿ ಹೊನಲು ಬೆಳಕಿನಲ್ಲಿ ನಡೆಯುತ್ತದೆ, ಬಹುಮಾನದ ಮೊತ್ತ ಬ್ಯಾನರಿನ ಮೇಲೆ ದೇವರ ಹೆಸರಿಗಿಂತ ದಪ್ಪಕ್ಷರದಲ್ಲಿ ಇರುತ್ತದೆ. ಇವುಗಳ ನಡುವೆ ಕಾಲ್ಚೆಂಡು ಬದುಕಿರುವುದು ಕಡಲದಂಡೆಯ ಒದ್ದೆ ಮರಳಿನಲ್ಲಿ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಚಾಚಿಕೊಂಡ ಮರಳಿನ ಪಟ್ಟಿ ಕೋಡಿ. ಅಳಿವೆಯ ಆಚೆ ಗಂಗೊಳ್ಳಿ. ನೀರು ಇಳಿದ ಹೊತ್ತಿನಲ್ಲಿ ಇಲ್ಲಿನ ದಂಡೆ ಯಾವ ಕ್ರೀಡಾಂಗಣಕ್ಕೂ ಕಡಿಮೆಯಿಲ್ಲ. ಎರಡು ಚಪ್ಪಲಿ ಇಟ್ಟರೆ ಗೋಲುಕಂಬ. ಬ್ಯಾಟು ಬೇಡ, ಪ್ಯಾಡು ಬೇಡ, ಬೂಟು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಮೀನುಗಾರರ ಮಗನೂ, ಮಸೀದಿಯ ಪಕ್ಕದ ಬ್ಯಾರಿಗಳ ಮಗನೂ, ಕೂಲಿಗೆ ಹೋಗುವವನೂ ಒಂದೇ ಚೆಂಡಿನ ಹಿಂದೆ ಓಡಬಹುದಾದ ಆಟ ಇದೊಂದೇ. ಬಡವನ ಆಟವೆಂದು ನಾವು ಇದನ್ನು ಕರೆಯುವುದು ಅಲಂಕಾರಕ್ಕಲ್ಲ. ಖರ್ಚಿನ ಲೆಕ್ಕದಲ್ಲಿ.

ಅಂಥ ಆಟದ ಕೊನೆಯ ಪಂದ್ಯ ಎಲ್ಲಿ ನಡೆಯಬೇಕು ಎಂಬುದರಲ್ಲಿ ನಮ್ಮ ಕಡೆಯ ಜನಕ್ಕೆ ಒಂದು ತಿಳಿವಳಿಕೆ ಇದೆ. ಅದು ಕಾಲ್ಚೆಂಡಿನಿಂದ ಬಂದದ್ದಲ್ಲ, ಇನ್ನೊಂದು ಆಟದಿಂದ ಬಂದದ್ದು. ಕುಂದಾಪುರದಲ್ಲಿ ‘ಇವತ್ತು ರಾತ್ರಿ ಆಟ ಇತ್ತ್’ ಎಂದರೆ ಯಕ್ಷಗಾನ. ಮಂದಾರ್ತಿಯ ಮೇಳಕ್ಕೆ ಹರಕೆ ಆಟ ಹೇಳಿಕೊಂಡ ಮನೆಯವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಹರಕೆ ಹೊತ್ತವರು ತೀರಿಕೊಂಡು, ಮಕ್ಕಳ ಕಾಲದಲ್ಲಿ ಸರದಿ ಬರುವುದುಂಟು. ಸರದಿ ಬಂದ ದಿನ ಮೇಳವೇ ಊರಿಗೆ ಬರುತ್ತದೆ. ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ. ಟಿಕೇಟಿಲ್ಲ, ಗೇಟಿಲ್ಲ. ಖರ್ಚು ಹರಕೆಯವರದು, ಆಟ ಊರವರದು. ಅಷ್ಟು ವರ್ಷ ಕಾದ ಮನೆಯವರಿಗೆ ಮೇಳದ ಯಜಮಾನರು ಬಂದು, ‘ನಿಮ್ಮ ಆಟವನ್ನು ಈ ಸಲ ದುಬಾಯಿಯಲ್ಲಿ ಆಡಿಸುತ್ತೇವೆ, ಅಲ್ಲಿಯ ಶೇಖರು ದೊಡ್ಡ ಮನಸ್ಸು ಮಾಡಿದ್ದಾರೆ, ನೀವು ಮೊಬೈಲಿನಲ್ಲಿ ನೋಡಿಕೊಳ್ಳಿ’ ಎಂದರೆ ಏನಾದೀತು? ಚಂಡೆ ಬಾರಿಸುವ ಕೋಲು ಬೇರೆ ಕೆಲಸಕ್ಕೆ ಬಂದೀತು!

ಡೇರೆ ಮೇಳಗಳೂ ನಮ್ಮಲ್ಲಿವೆ, ಟಿಕೇಟು ಕೊಟ್ಟು ನೋಡುವ ಆಟವೂ ಇದೆ ಎಂದು ಯಾರಾದರೂ ಹೇಳಿಯಾರು. ಇದೆ. ಆದರೆ ಆ ಡೇರೆಯನ್ನೂ ಹೊತ್ತು ತಂದು ನಮ್ಮೂರ ಬಯಲಿನಲ್ಲೇ ಹಾಕುತ್ತಾರೆ.

ಈಗ ರಿಯಾದಿನ ಸಂಗತಿಗೆ ಬರೋಣ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿಗೆ 2022ರ ಸೆಪ್ಟೆಂಬರ್ 2ರಂದು ಚುನಾವಣೆ ನಡೆಯಿತು. ಅದಕ್ಕೂ ಮುಂಚಿನ ಆಗಸ್ಟ್ ತಿಂಗಳಿನಲ್ಲಿ ವಿಶ್ವ ಸಂಸ್ಥೆಯಾದ ಫಿಫಾ ನಮ್ಮ ಫೆಡರೇಶನ್ನನ್ನೇ ಅಮಾನತಿನಲ್ಲಿ ಇಟ್ಟು, ಹತ್ತು ಹನ್ನೊಂದು ದಿನಗಳ ಬಳಿಕ ತೆಗೆದಿತ್ತು. ಅಷ್ಟರ ಮಟ್ಟಿಗೆ ಹದಗೆಟ್ಟಿದ್ದ ಮನೆ ಅದು. ಅಧ್ಯಕ್ಷ ಪದವಿಗೆ ಇಬ್ಬರು ನಿಂತರು. ಒಬ್ಬರು ಹಿಂದೆ ಗೋಲು ಕಾಯುತ್ತಿದ್ದ, ಆಮೇಲೆ ಭಾರತೀಯ ಜನತಾ ಪಕ್ಷದಿಂದ ಚುನಾವಣೆಗೆ ನಿಂತ ಕಲ್ಯಾಣ್ ಚೌಬೆ. ಇನ್ನೊಬ್ಬರು ಭಾರತ ತಂಡವನ್ನು ವರ್ಷಗಟ್ಟಲೆ ಮುನ್ನಡೆಸಿದ ಭೈಚುಂಗ್ ಭುಟಿಯಾ. ಅಂದು ಮತ ಹಾಕಿದವರು ಆಟಗಾರರಲ್ಲ, ಅಭಿಮಾನಿಗಳಲ್ಲ, ರಾಜ್ಯ ಸಂಸ್ಥೆಗಳು. ಫಲಿತಾಂಶ: ಚೌಬೆಯವರಿಗೆ 33, ಭುಟಿಯಾಗೆ 1. ಬೀದಿಯಲ್ಲಿ ಚೆಂಡು ಒದೆಯುವ ಯಾವ ಹುಡುಗನನ್ನಾದರೂ ಕೇಳಿ, ಮತ ಯಾರಿಗೆ ಎಂದು. ಲೆಕ್ಕ ತಲೆಕೆಳಗಾಗುತ್ತದೆ. ಉಪಾಧ್ಯಕ್ಷರಾಗಿ ಆಯ್ಕೆಯಾದವರು ನಮ್ಮದೇ ರಾಜ್ಯದವರು, ಶಾಸಕ ಎನ್.ಎ. ಹ್ಯಾರಿಸ್, ಕರ್ನಾಟಕ ರಾಜ್ಯ ಸಂಸ್ಥೆಯ ಅಧ್ಯಕ್ಷರೂ ಆಗ ಅವರೇ. ದಿಲ್ಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು ಪಕ್ಷ, ವಿಧಾನಸಭೆಯಲ್ಲಿ ಹಾವು ಮುಂಗುಸಿ. ಫುಟ್‌ಬಾಲಿನ ಮೇಜಿನ ಮುಂದೆ ಮಾತ್ರ ಒಂದೇ ಎಲೆಯ ಊಟ!

ಸುಮಾರು ಒಂದು ತಿಂಗಳ ಬಳಿಕ, ಅಕ್ಟೋಬರಿನಲ್ಲಿ, ಈ ಫೆಡರೇಶನ್ನು ಸೌದಿಯ ಫೆಡರೇಶನ್ನಿನೊಡನೆ ಒಡಂಬಡಿಕೆಗೆ ಸಹಿ ಹಾಕಿತು. ಸಂತೋಷ್ ಟ್ರೋಫಿಯ ಕೊನೆಯ ಹಂತ ಸೌದಿಯಲ್ಲಿ ನಡೆಯುವುದೆಂದು ಸಾರಿತು. ಕರ್ನಾಟಕ ಫೈನಲ್ಲಿಗೆ ಬರುತ್ತದೋ ಮಣಿಪುರ ಬರುತ್ತದೋ ಅಂದು ಯಾರಿಗೂ ತಿಳಿದಿರಲಿಲ್ಲ. ಮದುಮಗಳು ಯಾರೆಂದು ಗೊತ್ತಾಗುವ ಮುಂಚೆಯೇ ಮದುವೆಯ ಛತ್ರ ಪರದೇಶದಲ್ಲಿ ಗೊತ್ತಾಗಿತ್ತು. ಯಾವ ರಾಜ್ಯದ ಯಾವ ಊರಿನ ಅಭಿಮಾನಿಯನ್ನಾದರೂ ಕೇಳಿದರೇ? ಅಭಿಮಾನಿಗೆ ಅಲ್ಲಿ ಕುರ್ಚಿಯಿಲ್ಲ, ಮತವಿಲ್ಲ. ಅವನು ಬೇಕಾಗುವುದು ಕೂಗುವುದಕ್ಕೆ. ಕೂಗುವ ಆ ಹಕ್ಕೂ ಈ ಸಲ ಹೋಯಿತು.

ಸೌದಿಯವರಿಗೆ ಇದರಿಂದೇನು ಲಾಭವೆಂದು ಕೇಳಬಹುದು. ಎಣ್ಣೆಯ ಹಣವನ್ನು ಅವರು ಆಟಗಳ ಮೇಲೆ ಸುರಿಯುತ್ತಿರುವುದು ಜಗಜ್ಜಾಹೀರು. ಸ್ಪೇನ್ ದೇಶದ ಸೂಪರ್ ಕಪ್ಪು 2020ರಲ್ಲಿ ಅಲ್ಲಿಗೆ ಹೋಯಿತು, ಇಟಲಿಯ ಕಪ್ಪೂ ಹೋಯಿತು. 2024ರ ಡಿಸೆಂಬರಿನಲ್ಲಿ 2034ರ ವಿಶ್ವಕಪ್ಪೇ ಅವರ ಪಾಲಾಯಿತು. ಕೂಲಿಕಾರರ ಬೆವರಿನ ಮೇಲೆ, ಬಾಯಿ ಬಿಟ್ಟವರ ಸೆರೆಮನೆಗಳ ಮೇಲೆ ಹಸಿರು ಹುಲ್ಲು ಹಾಸುವ ಈ ವ್ಯಾಪಾರ ನಮಗೆ ಹೊಸತಾಗಿ ಕಾಣಬೇಕಿಲ್ಲ. ಅರಮನೆಗಳು ಹಿಂದೆಯೂ ಕುಸ್ತಿ ಆಡಿಸುತ್ತಿದ್ದವು. ಸ್ಪೇನಿನ ದೊಡ್ಡ ತಂಡಗಳ ಹೆಸರು ಲೋಕಕ್ಕೆಲ್ಲ ಗೊತ್ತು, ಅವು ಹೋದಲ್ಲಿ ಜನ ಸೇರುತ್ತಾರೆ. ನಮ್ಮ ಸಂತೋಷ್ ಟ್ರೋಫಿಗೆ ಇದ್ದದ್ದು ಒಂದೇ ಆಸ್ತಿ, ತನ್ನ ರಾಜ್ಯದ ಹೆಸರು ಹಿಡಿದು ಕೂಗುವ ಜನ. ಅದನ್ನೇ ಬಿಟ್ಟು ಹೋದರೆ ಒಯ್ದದ್ದಾದರೂ ಏನು?

ಇಲ್ಲಿ ಎದುರಾಳಿಗಳ ಬತ್ತಳಿಕೆಯಲ್ಲಿ ಒಂದೇ ಒಂದು ಬಾಣ ಉಳಿದಿದೆ. ಅದನ್ನು ಮರೆಮಾಚುವುದು ಬೇಡ. ‘ಸೌದಿಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ದುಡಿಯುತ್ತಿದ್ದಾರೆ. ನಿಮ್ಮ ಕರಾವಳಿಯವರೇ ಎಷ್ಟೊಂದು ಮಂದಿ! ಊರು ಬಿಟ್ಟು ಹೋದ ಆ ಶ್ರಮಜೀವಿಗಳಿಗೆ ಒಂದು ಸಂಜೆಯ ಸಂತೋಷ ಬೇಡವೇ? ನೀವೇ ಸಮಾಜವಾದಿಗಳೆನ್ನುತ್ತೀರಿ!’ ಎನ್ನುತ್ತಾರೆ.

ಬೇಕು. ಖಂಡಿತ ಬೇಕು. ಗಂಗೊಳ್ಳಿ, ಕೋಡಿ, ಶಿರೂರು, ಭಟ್ಕಳದ ಎಷ್ಟು ಮನೆಗಳ ಹಂಚು ಕೊಲ್ಲಿಯ ಹಣದಿಂದ ಕಾಂಕ್ರೀಟಾಗಿದೆ ಎಂಬುದನ್ನು ನಾವು ಕಣ್ಣಾರೆ ಕಂಡವರು. ಆ ಮನೆಗಳಲ್ಲಿ ಹಬ್ಬಕ್ಕೆ ಗಂಡಸರಿಲ್ಲದಿರುವುದನ್ನೂ ಕಂಡವರು. ಆದರೆ ಆ ಕೂಲಿಕಾರನ ಹೆಸರು ಹೇಳಿಕೊಂಡು ನಡೆಸಿದ ಪಂದ್ಯ ಅವನಿಗೆ ದಕ್ಕಿತೇ? ಸೌದಿಯ ಕಾನೂನಿನಲ್ಲಿ ಕೆಲಸಗಾರನ ವಾರದ ರಜೆ ಶುಕ್ರವಾರ. ಆಫೀಸಿನವರಿಗೆ ಶನಿವಾರವೂ ರಜೆ ಇದ್ದೀತು. ಕಟ್ಟಡದ ಮೇಲೆ ಸಲಾಕೆ ಕಟ್ಟುವವನಿಗೆ, ಲಾರಿ ಓಡಿಸುವವನಿಗೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವನಿಗೆ ಶನಿವಾರ ವಾರದ ಮೊದಲ ದುಡಿಮೆಯ ದಿನ. ಫೈನಲ್ ಇಟ್ಟದ್ದು ಶನಿವಾರ! ನಗರದ ಹೊರಗಿನ ಕ್ಯಾಂಪಿನಿಂದ ಧಣಿಯ ಬಸ್ಸಿಲ್ಲದೆ ಹೊರಡಲಾಗದವನು ಸಂಜೆ ಯಾವ ಗಾಡಿ ಹತ್ತಬೇಕಿತ್ತು? ಚಿತ್ರಗಳನ್ನು ನೋಡಿದವರಿಗೆ ಗೊತ್ತು. ಆ ಬೃಹತ್ ಕ್ರೀಡಾಂಗಣದಲ್ಲಿ ಕಂಡದ್ದು ಸಾಲು ಸಾಲು ಖಾಲಿ ಕುರ್ಚಿಗಳು, ಅಲ್ಲಲ್ಲಿ ಗುಂಪು ಗುಂಪಾಗಿ ಒಂದಷ್ಟು ಜನ. ಊರಿನ ಅಭಿಮಾನಿಗೆ ಊರಿನಲ್ಲಿ ಸಿಕ್ಕಲಿಲ್ಲ, ಪರದೇಶದ ಕೂಲಿಕಾರನಿಗೆ ಪರದೇಶದಲ್ಲೂ ಸಿಕ್ಕಲಿಲ್ಲ. ಸಿಕ್ಕಿದ್ದು ಒಡಂಬಡಿಕೆಯ ಮುಂದೆ ಕೈ ಕುಲುಕಿದವರಿಗೆ.

ಇದಕ್ಕೆ ಒಂದೇ ವರ್ಷದ ಹಿಂದೆ ಏನು ನಡೆದಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. 2022ರ ಸಂತೋಷ್ ಟ್ರೋಫಿಯ ಕೊನೆಯ ಸುತ್ತು ನಡೆದದ್ದು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ. ಏಪ್ರಿಲ್ 28ರಂದು ಮಂಜೇರಿಯ ಪಯ್ಯನಾಡ್ ಕ್ರೀಡಾಂಗಣದಲ್ಲಿ ಸೆಮಿಫೈನಲ್ ಆಡಿದವರು ಕೇರಳ ಮತ್ತು ನಮ್ಮ ಕರ್ನಾಟಕ. ನಮ್ಮವರು 7-3ರಿಂದ ಸೋತರು. ಜೆಸಿನ್ ಎಂಬ ಹುಡುಗ, ಬದಲಿ ಆಟಗಾರನಾಗಿ ಇಳಿದವನು, ಒಬ್ಬನೇ ಐದು ಗೋಲು ಹೊಡೆದ. ನಾಚಿಕೆಯ ಸೋಲೇ ಸರಿ. ಆದರೂ ಆ ರಾತ್ರಿ ಆ ಮೈದಾನದಲ್ಲಿ ಆಡಿದ್ದನ್ನು ನಮ್ಮ ಹುಡುಗರು ಸಾಯುವವರೆಗೆ ಮರೆಯಲಾರರು. ಅದು ರಂಜಾನ್ ತಿಂಗಳು. ಹಗಲೆಲ್ಲ ಉಪವಾಸವಿದ್ದು ಸಂಜೆ ಉಪವಾಸ ಬಿಟ್ಟ ಜನ ಮೈದಾನಕ್ಕೆ ಹರಿದು ಬಂದರು. ಮೇ 2ರಂದು, ಹಬ್ಬದ ಮುನ್ನಾ ರಾತ್ರಿ, ಕೇರಳ ಮತ್ತು ಪಶ್ಚಿಮ ಬಂಗಾಳದ ಫೈನಲ್ಲಿಗೆ ಸೇರಿದವರು ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ. ಪಂದ್ಯ 1-1ರಲ್ಲಿ ನಿಂತು, ಪೆನಾಲ್ಟಿಯಲ್ಲಿ ಕೇರಳ ಗೆದ್ದಿತು. ಮರುದಿನ ಹಬ್ಬ. ಕಾಯುವುದೆಂದರೆ ಅದು. ನೋಡುವುದೆಂದರೆ ಅದು. ಕುಂದಾಪುರದವನೊಬ್ಬ ಮನಸ್ಸು ಮಾಡಿದ್ದರೆ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಆ ಜಿಲ್ಲೆಯಲ್ಲಿ ಇಳಿಯಬಹುದಿತ್ತು. ಇಂಥ ಫೈನಲ್ಲನ್ನು ಕಂಡ ಮರುವರ್ಷವೇ, ಇದೇ ಕಪ್ಪಿಗೆ ಜನವಿಲ್ಲದ ಮೈದಾನ ಹುಡುಕಿಕೊಟ್ಟವರ ಬುದ್ಧಿಗೆ ಏನೆನ್ನೋಣ!

ರಿಯಾದಿನ ಪಂದ್ಯದ ಬಗ್ಗೆಯೂ ನಾಲ್ಕು ಮಾತು ಸಲ್ಲಬೇಕು. ಆಡಿದವರ ತಪ್ಪೇನೂ ಇಲ್ಲ. ಹಿಂದಿನ ವರ್ಷ ಏಳು ಗೋಲು ಹೊಡೆದಿದ್ದ ಕೇರಳವನ್ನು ಭುವನೇಶ್ವರದ ಸುತ್ತಿನಲ್ಲಿ 1-0ರಿಂದ ಮಣಿಸಿಯೇ ನಮ್ಮವರು ಮುಂದೆ ಹೋದದ್ದು. ಫೈನಲ್ಲಿನಲ್ಲಿ ಆರಂಭದ ನಿಮಿಷಗಳಲ್ಲೇ ಸುನಿಲ್ ಕುಮಾರ್ ಗೋಲು ಹೊಡೆದರು. ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಬೇಕೆ ಓರಾಂ ಎರಡನೆಯದನ್ನು, ವಿರಾಮದ ಹೊತ್ತಿಗೆ ರಾಬಿನ್ ಯಾದವ್ ಮೂರನೆಯದನ್ನು ಸೇರಿಸಿದರು. ವಿರಾಮದ ಬಳಿಕ ಮೇಘಾಲಯ ಇನ್ನೊಂದು ತೀರಿಸಿತು. 3-2. ತರಬೇತುದಾರರು ರವಿ ಬಾಬು ರಾಜು. ಅಷ್ಟೇ, ಕಪ್ಪು ನಮ್ಮದಾಯಿತು.

ಓರಾಂ ಎಂಬ ಹೆಸರು ಒಡಿಶಾ, ಜಾರ್ಖಂಡದ ಕಡೆಯ ಆದಿವಾಸಿಗಳಲ್ಲಿ ಬಹಳ ಕೇಳಿಬರುವ ಹೆಸರು. ‘ಇವರೆಲ್ಲ ಎಲ್ಲಿಯ ಕನ್ನಡಿಗರು?’ ಎಂದು ಮೂಗು ಮುರಿದವರೂ ಇದ್ದರು. ಅಂಥವರು ಒಂದು ಬೆಳಿಗ್ಗೆ ಗಂಗೊಳ್ಳಿ ಬಂದರಿಗೋ ಮಲ್ಪೆ ಬಂದರಿಗೋ ಬಂದು ನೋಡಲಿ. ಬೋಟಿನಿಂದ ಮೀನು ಇಳಿಸುವವರಲ್ಲಿ, ಬಲೆ ಎಳೆಯುವವರಲ್ಲಿ ಒಡಿಶಾ, ಜಾರ್ಖಂಡ, ಆಂಧ್ರದವರು ಎಷ್ಟಿದ್ದಾರೆಂದು ಎಣಿಸಲಿ. ಅವರು ತಂದ ಬಂಗುಡೆಯನ್ನು ಕರ್ನಾಟಕದ ಮೀನೆಂದು ತಿನ್ನುವಾಗ ಯಾರೂ ಮೂಗು ಮುರಿಯುವುದಿಲ್ಲ. ಇಲ್ಲಿ ಬೆವರು ಸುರಿಸಿದವನು ಇಲ್ಲಿಯವನು. ಹಾಗೆ ನೋಡಿದರೆ 1947ರಲ್ಲೂ 1953ರಲ್ಲೂ ಮೈಸೂರು ಈ ಕಪ್ಪು ಗೆದ್ದಾಗ ನಮ್ಮ ಕುಂದಾಪುರವೇ ಮದರಾಸಿನ ಪಾಲಿಗಿತ್ತು. 1956ರವರೆಗೆ ನಾವೂ ಹೊರಗಿನವರೇ!

ಈಗ ಹಳೆಯ ಕಾಲದ ಒಂದು ಫೈನಲ್ಲನ್ನು ನೆನೆಯಬೇಕು. ಏಕೆಂದರೆ ಆಟ ಯಾರದೆಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಸಾಕ್ಷಿ ಇನ್ನೊಂದಿಲ್ಲ. ಬೆಂಗಳೂರಿನ ಕಾಲ್ಚೆಂಡಿನ ಚರಿತ್ರೆ ಉದ್ದವಾದದ್ದು. ಮುಂಬಯಿಯ ರೋವರ್ಸ್ ಕಪ್ಪನ್ನು ಬಿಳಿಯರ ಪಲ್ಟನ್ನುಗಳ ಕೈಯಿಂದ ಕಿತ್ತುಕೊಂಡು 1937ರಲ್ಲೂ 1938ರಲ್ಲೂ ಗೆದ್ದವರು ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಿನ ಭಾರತ ಫ್ರಾನ್ಸಿನ ಮೇಲೆ ಹೊಡೆದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಆದರೆ ನಾವು ಹೇಳಹೊರಟದ್ದು 1977ರ ಸಂಗತಿ. ಆ ವರ್ಷ ದೇಶದ ಕ್ಲಬ್ಬುಗಳಿಗೆಲ್ಲ ಸೇರಿ ಫೆಡರೇಶನ್ ಕಪ್ ಎಂಬ ಹೊಸ ಪಂದ್ಯಾಟ ಕೊಚ್ಚಿಯಲ್ಲಿ ಪ್ರಾರಂಭವಾಯಿತು. ಕಲಕತ್ತೆಯ ಮೋಹನ್ ಬಾಗಾನ್ ಫೈನಲ್ಲಿಗೆ ಬಂತು. ಬರಲೇಬೇಕು, ಅದು ದೇಶದ ಅತಿ ದೊಡ್ಡ ಕ್ಲಬ್ಬು. ಎದುರಿಗೆ ನಿಂತದ್ದು ಬೆಂಗಳೂರಿನ ಐ.ಟಿ.ಐ. ಈಗಿನ ಹುಡುಗರಿಗೆ ಐ.ಟಿ.ಐ. ಎಂದರೆ ಫಿಟ್ಟರ್ ಕೆಲಸ ಕಲಿಸುವ ಶಾಲೆ ಎನ್ನಿಸೀತು. ಅಲ್ಲ, ಇದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1948ರಲ್ಲಿ ಸ್ವತಂತ್ರ ಭಾರತದ ಸರಕಾರ ಕಟ್ಟಿದ ಮೊದಲ ಕಾರ್ಖಾನೆಗಳಲ್ಲಿ ಒಂದು, ದೂರವಾಣಿ ನಗರದಲ್ಲಿ ಟೆಲಿಫೋನು ಜೋಡಿಸುತ್ತಿದ್ದ ಕಾರ್ಖಾನೆ. ಅದರ ತಂಡ ಮೋಹನ್ ಬಾಗಾನನ್ನು 1-0ರಿಂದ ಸೋಲಿಸಿ ಮೊತ್ತಮೊದಲ ಫೆಡರೇಶನ್ ಕಪ್ಪನ್ನು ಹೊತ್ತು ತಂದಿತು!

ಯೋಚಿಸಿ ನೋಡಿ. ಸಾರ್ವಜನಿಕ ಕಾರ್ಖಾನೆಯೊಂದರ ತಂಡ. ಆಡುವವನಿಗೆ ಅಲ್ಲಿ ಕೆಲಸವಿತ್ತು, ತಿಂಗಳ ಸಂಬಳವಿತ್ತು. ಮೊಣಕಾಲು ಮುರಿದರೂ ಮನೆಯ ಒಲೆ ಆರುತ್ತಿರಲಿಲ್ಲ, ಆಟ ಮುಗಿದ ವಯಸ್ಸಿನಲ್ಲಿ ನಿವೃತ್ತಿಯವರೆಗೆ ಕುರ್ಚಿಯಿತ್ತು. ಫೈನಲ್ ಹತ್ತಿರ ಬಂದಾಗ ಅದನ್ನು ಎದುರು ನೋಡುವವನು ಪಕ್ಕದ ಯಂತ್ರದ ಮೇಲಿನ ಕೆಲಸಗಾರ. ಸಂಬಳದ ಸಾಲಿನಲ್ಲಿ ಅವನೂ ಗೋಲು ಹೊಡೆಯುವವನೂ ಹಿಂದೆ ಮುಂದೆ. ಎಚ್.ಎ.ಎಲ್., ಬಿ.ಇ.ಎಲ್., ಎಲ್.ಆರ್.ಡಿ.ಇ., ಹೀಗೆ ಬೆಂಗಳೂರಿನ ಕಾಲ್ಚೆಂಡನ್ನು ದಶಕಗಟ್ಟಲೆ ಹೊತ್ತವು ಸರಕಾರದ ಇಂಥ ಸಂಸ್ಥೆಗಳು. ಆಮೇಲೆ 1991ರ ಗಾಳಿ ಬೀಸಿತು. ಸಾರ್ವಜನಿಕ ರಂಗ ದಂಡವೆಂದರು, ಹೊಸ ನೇಮಕ ನಿಲ್ಲಿಸಿದರು. ಟೆಲಿಫೋನು ಮಾಡುತ್ತಿದ್ದ ಕಾರ್ಖಾನೆ ಎಲ್ಲರ ಕೈಯಲ್ಲೂ ಟೆಲಿಫೋನು ಬಂದ ಕಾಲದಲ್ಲೇ ರೋಗಗ್ರಸ್ತವಾಯಿತು. ತಂಡಗಳು ಒಂದೊಂದಾಗಿ ಸೊರಗಿದವು. ಆಟ ಕೋಟ್ಯಧೀಶರ ತೋಟಕ್ಕೆ ಹೋಯಿತು.

ಆ ತೋಟದ ಫಲ ಹೇಗಿದೆ ಎಂದು 2025ರಲ್ಲಿ ಕಂಡೆವು. ದೇಶದ ಕಾಲ್ಚೆಂಡಿನ ವ್ಯಾಪಾರದ ಹಕ್ಕನ್ನು ಫೆಡರೇಶನ್ನು 2010ರಲ್ಲಿ ಹದಿನೈದು ವರ್ಷಗಳ ಮಟ್ಟಿಗೆ 700 ಕೋಟಿ ರೂಪಾಯಿಗೆ ರಿಲಯನ್ಸಿನ ಕಡೆಯವರಿಗೆ ಬರೆದುಕೊಟ್ಟಿತ್ತು. ಗೇಣಿಯ ಅವಧಿ ಮುಗಿಯುತ್ತಾ ಬಂದಂತೆ ಮುಂದೇನೆಂದು ಯಾರಿಗೂ ತಿಳಿಯದೆ ಲೀಗೇ ತೂಗಾಡಿತು. ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಹಿರಿಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಸಾರಿತು. ಅದರ ಒಡೆಯರು ಉಕ್ಕಿನ ದೊಡ್ಡ ಕಂಪೆನಿಯವರು. ಅದೇ ವರ್ಷದ ಏಪ್ರಿಲಿನಲ್ಲಿ ಕಲಕತ್ತೆಯ ಸಾಲ್ಟ್ ಲೇಕಿನಲ್ಲಿ ಐ.ಎಸ್.ಎಲ್. ಫೈನಲ್ ಆಡಿ, ಹೆಚ್ಚುವರಿ ಹೊತ್ತಿನವರೆಗೂ ಹೋರಾಡಿ ಸೋತ ತಂಡ ಅದು. ಫೈನಲ್ ಆಡಿದ ನಾಲ್ಕೇ ತಿಂಗಳಿಗೆ ಸಂಬಳವಿಲ್ಲ! ಭೂಮಾಲಿಕರ ಕಾಲದ ಚಾಲಗೇಣಿಯ ಒಕ್ಕಲಿಗೂ ಈ ಆಟಗಾರನಿಗೂ ಏನು ವ್ಯತ್ಯಾಸ?

ಇಷ್ಟೆಲ್ಲ ಆಗಿಯೂ ಕಪ್ಪು ಗೆದ್ದ ಕ್ಷಣವಾದರೂ ಆಟಗಾರನದೇ ಎಂದುಕೊಂಡಿದ್ದರೆ ಅದೂ ಸುಳ್ಳು. 2022ರ ಸೆಪ್ಟೆಂಬರ್ 18ರಂದು ಇದೇ ಬೆಂಗಳೂರು ತಂಡ ಕಲಕತ್ತೆಯಲ್ಲಿ ಮುಂಬಯಿ ಸಿಟಿಯನ್ನು 2-1ರಿಂದ ಸೋಲಿಸಿ ಮೊದಲ ಬಾರಿಗೆ ಡ್ಯುರಾಂಡ್ ಕಪ್ ಗೆದ್ದಿತು. 1888ರಿಂದ ನಡೆದುಬಂದ ಕಪ್ಪು ಅದು. ಬಹುಮಾನ ಕೊಡುವ ಹೊತ್ತಿನಲ್ಲಿ ಬಂಗಾಳದ ರಾಜ್ಯಪಾಲರು ಫೋಟೋದಲ್ಲಿ ತಮ್ಮ ಮುಖ ಸರಿಯಾಗಿ ಬೀಳಲೆಂದು ನಾಯಕ ಸುನಿಲ್ ಛೆಟ್ರಿಯನ್ನು ಕೈಯಿಂದ ಪಕ್ಕಕ್ಕೆ ತಳ್ಳಿದರು! ಇಡೀ ದೇಶ ಆ ಚಿತ್ರ ನೋಡಿತು. ತೊಂಬತ್ತು ನಿಮಿಷ ಬೆವರಿದವನು ಬದಿಗೆ, ಸೋಫಾದಲ್ಲಿ ಕುಳಿತಿದ್ದವರು ನಡುವಿಗೆ. ರಿಯಾದಿನಲ್ಲಿ ನಡೆದದ್ದೂ ಇದೇ ತಳ್ಳಾಟ, ತಳ್ಳಿಸಿಕೊಂಡದ್ದು ಒಬ್ಬನಲ್ಲ, ಎರಡು ರಾಜ್ಯಗಳ ಜನ.

ಸಂತೋಷ್ ಟ್ರೋಫಿ ಎಂಬ ಹೆಸರೇ ಒಂದು ಪಾಠ. ಸಂತೋಷ ಎಂದರೆ ಆನಂದವಲ್ಲ. ಇಂದಿನ ಬಾಂಗ್ಲಾದೇಶದಲ್ಲಿರುವ ಸಂತೋಷ್ ಎಂಬಲ್ಲಿಯ ಜಮೀನುದಾರ ಮಹಾರಾಜರ ನೆನಪಿನ ಹೆಸರದು. ಮೊದಲ ಸ್ಥಾನದ ಕಪ್ಪು ಜಮೀನುದಾರನದು. ಅದೇ ಪಂದ್ಯಾಟದಲ್ಲಿ ಮೂರನೆಯ ಸ್ಥಾನಕ್ಕೆ ಕೊಡಲೆಂದು ಒಂದು ಕಪ್ಪಿದೆ, ಸಂಪಂಗಿ ಕಪ್ ಎಂದು. ಮೈಸೂರಿನ ಕಾಲ್ಚೆಂಡು ಸಂಸ್ಥೆ ಕೊಟ್ಟದ್ದು. ಸಂಪಂಗಿ ಎಂಬವರು ಯಾವ ಸಂಸ್ಥಾನದ ಒಡೆಯರೂ ಅಲ್ಲ, ಮೈಸೂರಿನ ಆಟಗಾರ. ಆಡಿದವನ ಹೆಸರಿಗೆ ಮೂರನೆಯ ಸ್ಥಾನ!

ಅನಂತರದ ವರ್ಷಗಳಲ್ಲಿ ಫೈನಲ್ ದೇಶಕ್ಕೆ ಮರಳಿತು, ನಿಜ. 2024ರ ಮಾರ್ಚಿನಲ್ಲಿ ಅರುಣಾಚಲದ ಯುಪಿಯಾದಲ್ಲಿ, ಅದೇ ವರ್ಷದ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ನಡೆಯಿತು. ಅರುಣಾಚಲದಂಥ ಮೂಲೆಯ ರಾಜ್ಯಕ್ಕೆ ಫೈನಲ್ ಹೋದದ್ದನ್ನು ನಾವು ಮನಸಾರೆ ಮೆಚ್ಚುತ್ತೇವೆ. ದೇಶದ ಹಬ್ಬ ದೇಶದ ಎಲ್ಲ ಅಂಗಳಗಳಿಗೂ ಹೋಗಲಿ. ಆದರೆ ಮರಳಿದ್ದು ತಪ್ಪಿನ ಅರಿವಿನಿಂದಲ್ಲ. ಮತ್ತೊಮ್ಮೆ ಒಯ್ಯಬಾರದೆಂಬ ಕಟ್ಟಲೆ ಎಲ್ಲೂ ಬರೆದಿಲ್ಲ. ಇನ್ನೊಬ್ಬ ದೊರೆ ಇನ್ನೊಂದು ಚೀಲ ಹಿಡಿದು ಬಂದರೆ ಮುಂದಿನ ಫೈನಲ್ ಯಾವ ಮರುಭೂಮಿಯಲ್ಲೋ ಯಾರು ಬಲ್ಲರು?

ಹಾಗಾದರೆ ಬೇಕಾದದ್ದೇನು? ಕೇಳುವುದು ಆಕಾಶದ ನಕ್ಷತ್ರವನ್ನಲ್ಲ. ದೇಶದ ಕಪ್ಪಿನ ಫೈನಲ್ ದೇಶದಲ್ಲೇ ನಡೆಯತಕ್ಕದ್ದು ಎಂಬ ಒಂದು ಸಾಲು ಫೆಡರೇಶನ್ನಿನ ನಿಯಮಾವಳಿಯಲ್ಲಿ ಬರಲಿ. ಒಂದು ದಿನದ ಕೂಲಿಯ ಕಾಲು ಭಾಗ ಮೀರದ ದರದ ಟಿಕೇಟುಗಳನ್ನು ಮೊದಲು ಮಾರಿ, ಉಳಿದ ಜಾಗದಲ್ಲಿ ಗಣ್ಯರ ಸೋಫಾ ಇಡಲಿ. ರಾಜ್ಯ ಸಂಸ್ಥೆಗಳ ಮತದ ಪೆಟ್ಟಿಗೆಗೆ ಆಡಿದವರ, ನೋಡುವವರ ಕೈಯೂ ತಲುಪಲಿ. ಸಾರ್ವಜನಿಕ ಸಂಸ್ಥೆಗಳು ಆಟಗಾರರಿಗೆ ಮೊದಲಿನಂತೆ ಖಾಯಂ ಕೆಲಸ ಕೊಡಲಿ. ಬೆಂಗಳೂರಿನ ಆಚೆಗೂ ಕರ್ನಾಟಕವಿದೆ ಎಂಬುದು ನಮ್ಮ ರಾಜ್ಯ ಸಂಸ್ಥೆಗೆ ನೆನಪಾಗಲಿ: ಮಂಗಳೂರಿನ ನೆಹರೂ ಮೈದಾನದಲ್ಲಿ ಮಣ್ಣು ಹಾರಿಸಿ ಆಡುವವರಿದ್ದಾರೆ, ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಕ್ರೀಡಾಂಗಣವಿದೆ, ಕುಂದಾಪುರದಲ್ಲಿ ಗಾಂಧಿ ಮೈದಾನವಿದೆ. ಫೈನಲ್ ಬೇಡ, ಒಂದು ಅರ್ಹತಾ ಸುತ್ತಾದರೂ ಕರಾವಳಿಗೆ ಬರಲಿ.

ಜೂನ್ ಜುಲೈಯ ಎರಡು ತಿಂಗಳು ಯಾಂತ್ರಿಕ ಬೋಟುಗಳು ದಡಕ್ಕೆ ಬಂದು ನಿಲ್ಲುತ್ತವೆ. ಕಡಲಿಗೆ ಹೋಗುವ ಕೈಗಳಿಗೆ ಆಗ ಬಿಡುವು. ಕೋಡಿಯಲ್ಲಿ ಕಡಲು ದಂಡೆಯನ್ನು ನುಂಗುವ ತಿಂಗಳೂ ಅದೇ. ಚಪ್ಪಲಿಯ ಗೋಲುಕಂಬಕ್ಕೆ ಜಾಗವೇ ಉಳಿಯುವುದಿಲ್ಲ. ದಂಡೆಯಿಂದ ಒಳಗೆ, ನೀರು ಹರಿದುಹೋಗುವ ಒಂದು ಎಕರೆ ಸರಕಾರಿ ನೆಲವನ್ನು ಚೆಂಡಾಟಕ್ಕೆಂದು ಪುರಸಭೆ ಗುರುತಿಸಿ ಕೊಡುವುದಕ್ಕೆ ಸೌದಿಯ ಒಡಂಬಡಿಕೆ ಬೇಕಾಗಿಲ್ಲ. ಮತ ಕೇಳಲು ಬಂದವರ ಮುಂದೆ ಕೋಡಿಯ ಹುಡುಗರು ಈ ಎರಡನ್ನೂ ಒಟ್ಟಿಗೇ ಇಡಲಿ: ನಮ್ಮ ಮೈದಾನ ಎಲ್ಲಿ, ನಮ್ಮ ಫೈನಲ್ಲಿಗೆ ಬಸ್ಸು ಎಷ್ಟು ಗಂಟೆಗೆ?